ಸುಣ್ಣದ ಗೆರೆಯಾಚೆಯ ಸೊಪ್ಪು

"ಗೆರೆ ದಾಟ್‌ಬ್ಯಾಡ. ಅಲ್ಲೇ ನಿಂತ್ಕೊಂಡು ಅದೇನು ಯೋಳು," ಎಂದು ಬೈರಪ್ಪ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದ.

ಕುರಿ ಕಾಯುವ ತಿಮ್ಮಮ್ಮ ದಾಟಲಿಲ್ಲ. ರೇಷ್ಮೆಯ ಹುಳುಮನೆಯ ಬಾಗಿಲ ಮುಂದೆ ರೋಗ ಒಳಬರದಂತೆ ಎಳೆದಿದ್ದ ಸುಣ್ಣದ ಪುಡಿಯ ಪಟ್ಟೆಗೆ ಕಾಲ್ಬೆರಳು ತಾಗುವಷ್ಟು ಹತ್ತಿರ ಬಂದು ನಿಂತು, ತೋಳಿನ ಮೇಲಿದ್ದ ಕುರಿಮರಿಯನ್ನು ನೆಲಕ್ಕೆ ಹಾಕಿದಳು. ಅದರ ಕತ್ತು ಒಂದು ಕಡೆಗೆ ಹೊರಳಿತು. ಮೂತಿಯ ಸುತ್ತ ಹಸಿರು ನೊರೆ ಒಣಗಿ ಅಂಟಿಕೊಂಡಿತ್ತು.

"ನಿಮ್ಮಣ್ಣನ ತ್ವಾಟದ ಸೊಪ್ಪು ತಿಂದು ಹಿಂಗಾಗೈತೆ. ಇದ್ಕೇನಂತೀಯ ಗೌಡ?"

"ನಮ್ಮಣ್ಣನ ತ್ವಾಟಕ್ಕೆ ನಿನ್ ಕುರಿ ಯಾಕ್ ಹೋಗಿತ್ತು?"

"ತ್ವಾಟಕ್ಕೆ ಹೋಗ್ನಿಲ್ಲ. ನಿಮ್ ಗಾಡೀಲಿ ತರೋವಾಗ ದಾರೀಲಿ ಉದುರಿತ್ತಲ್ಲ, ಅದ್ನ ತಿಂತು. ದಾರೀನೂ ನಿಮ್ಮ ಪಾಲ್ಗೇ ಬಂದೈತಾ?"

"ಹೋದ ಬ್ಯಾಸ್ಗೇಲಿ ನಿನ್ ಕುರಿ ಪಂಚಾಯ್ತಿ ದೊಡ್ಡಿಗೆ ಹೊಡ್ಸಿದ್ ಸಿಟ್ಟು ಇನ್ನೂ ಇಳ್ದಿಲ್ಲ ನಿಂಗೆ. ಎಲ್ಲೋ ರೋಗ ಬಂದು ಸತ್ತಿದ್ದ ತಂದು ನಮ್ ಬಾಗ್ಲಾಗೆ ಹಾಕ್ತೀಯ. ಎತ್ಕೊಂಡ್ ಹೋಗು."

ತಿಮ್ಮಮ್ಮ ಬಗ್ಗಿ ಮರಿಯನ್ನು ಎತ್ತಿಕೊಂಡಳು. ಹೋಗುವ ಮುಂಚೆ ಅವನ ತೋಳಿನ ಸಂದಿಯಿಂದ ಒಳಗಿನ ಕತ್ತಲನ್ನು ಒಮ್ಮೆ ನೋಡಿದಳು.

"ಹಾಕು. ಅದೇ ಸೊಪ್ಪ ನಿನ್ ಹುಳಕ್ಕೂ ಹಾಕು. ಒಂದೂ ಉಳಿಯಾಕಿಲ್ಲ."

ಒಳಗೆ ಬೈರಪ್ಪನ ಹೆಂಡತಿ ಅಂಬುಜಮ್ಮ ಹುಳು ಸಾಕುವ ತಟ್ಟೆಗಳ ನಡುವೆ ನಿಂತಲ್ಲೇ ನಿಂತಿದ್ದಳು. ಹುಳುಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ಮಲಗುವ ಹೊತ್ತು. ಆಗ ಹುಳುಮನೆಯ ಹತ್ತಿರ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ, ಒಲೆಯ ಮೇಲೆ ಒಗ್ಗರಣೆ ಹಾಕುವುದಿಲ್ಲ, ಹೊರಗಿನವರು ಬಾಗಿಲಿಗೆ ಬರುವುದಿಲ್ಲ. ಬಾಗಿಲಲ್ಲಿ ಆಡಿದ ಕೆಟ್ಟ ಮಾತು ಹುಳುವಿನ ಮೇಲೆ ಕೂರುತ್ತದೆ ಎಂದು ಹೊಂಗೇಪಾಳ್ಯದ ಎಲ್ಲ ಮನೆಯವರೂ ನಂಬಿದ್ದರು. ಅಂಬುಜಮ್ಮನೂ ನಂಬಿದ್ದಳು. ಆದರೆ ಅವಳ ಕಿವಿಯಲ್ಲಿ ಉಳಿದದ್ದು ಆ ಕೆಟ್ಟ ಮಾತಲ್ಲ. ಅದಕ್ಕೆ ಮುಂಚೆ ಸೊಪ್ಪಿನ ಬಗ್ಗೆ ಆಡಿದ ಮಾತು.

"ಏನಮ್ಮಿ ಕಲ್ಲಾಗ್ಬುಟ್ಟೆ? ಉಪ್ಪು ತಕಾ. ನೀವಾಳ್ಸಿ ಎಸೀತೀನಿ," ಎಂದ ಬೈರಪ್ಪ.

"ಆ ಮರಿ ಬಾಯಲ್ಲಿ ನೊರೆ ಇತ್ತು."

"ಸತ್ ಪ್ರಾಣಿ ಬಾಯಲ್ಲಿ ನೊರೆ ಇರ್ದೆ ಜೇನುತುಪ್ಪ ಇರ್ತದಾ?"

ಅವನು ಉಪ್ಪು ಹಿಡಿದು ಮೂರು ದಾರಿ ಸೇರುವ ಕಡೆಗೆ ಹೋದ. ಅವಳು ಸೊಪ್ಪಿನ ಮೂಲೆಗೆ ಹೋಗಿ ಒದ್ದೆ ಗೋಣಿಚೀಲ ಸರಿಸಿದಳು. ಬೆಳಿಗ್ಗೆ ಗಾಡಿಯಲ್ಲಿ ಬಂದ ಹಿಪ್ಪುನೇರಳೆ ಸೊಪ್ಪು ತಣ್ಣಗೆ ಕೂತಿತ್ತು. ಮಾರನೆಯ ದಿನ ಜ್ವರದಿಂದೇಳುವ ಹುಳುಗಳ ಮೊದಲ ಮೇವು. ಒಂದು ಎಲೆ ಹರಿದು ಮೂಸಿದಳು. ಗೋಣಿಯ ವಾಸನೆಯ ಹಿಂದೆ ಇನ್ನೊಂದು ವಾಸನೆ ಇದೆಯೋ, ತನ್ನ ಹೆದರಿಕೆಗೇ ಹಾಗೆ ತೋರುತ್ತಿದೆಯೋ ಗೊತ್ತಾಗಲಿಲ್ಲ.

ಹೋದ ವರ್ಷದವರೆಗೆ ಅಣ್ಣತಮ್ಮಂದಿರದು ಒಂದೇ ಒಲೆ. ಆ ಒಲೆಯ ಮುಂದೆ ಅಂಬುಜಮ್ಮ ತನ್ನ ಓರಗಿತ್ತಿ ವೆಂಕಟಲಕ್ಷ್ಮಮ್ಮನ ಕಣ್ಣಿನ ಅಳತೆಗೆ ಹಿಟ್ಟು ತೊಳಸಿ, ಅವಳು ಬಡಿಸಿದಷ್ಟು ಉಂಡು ಬದುಕಿದ್ದಳು. ಪಾಲಾದಾಗ ಅಣ್ಣ ಮರಿಯಪ್ಪನಿಗೆ ಬೋರ್‌ವೆಲ್ ಇದ್ದ ಹಿಪ್ಪುನೇರಳೆ ತೋಟ ಬಂತು. ಬೈರಪ್ಪನಿಗೆ ಈ ಮನೆ ಮತ್ತು ಹಿಂದಿನ ನೀರಿಲ್ಲದ ಬೆದ್ದಲು. ಬೆದ್ದಲಿನ ಬದುವಿನಲ್ಲಿ ಅತ್ತೆಯ ಕಾಲದ ಹಿಪ್ಪುನೇರಳೆ ಮರಗಳಿದ್ದವು. ಬೈರಪ್ಪ ಅವನ್ನೆಲ್ಲ ಕಡಿಸಿ, ತಟ್ಟೆ ಜೋಡಿಸುವ ಅಟ್ಟಣಿಗೆಗೆ ಕಂಬ ಮಾಡಿಸಿದ್ದ. ಎರಡಾದರೂ ಇರಲಿ ಎಂದು ಅವಳು ಗೋಗರೆದಾಗ, "ಅಣ್ಣನ ತ್ವಾಟ ಇರೋವಾಗ ಈ ಮುದಿ ಮರ ಹತ್ತೋರ್ಯಾರು?" ಎಂದು ನಕ್ಕಿದ್ದ. ಊರಿಡೀ ಹಾಗೆಯೇ ನಗುತ್ತಿತ್ತು. ರೇಷ್ಮೆಗೆ ಒಳ್ಳೆಯ ಕಾಲ ಬಂದಿತ್ತು. ಮಾಗಡಿ ಸೀಮೆಯ ಗೂಡು ಬಿತ್ತನೆಗೆ ಹೋಗುತ್ತಿತ್ತು. ಇಲ್ಲಿನ ಚಿಟ್ಟೆ ಮೊಟ್ಟೆಯಿಟ್ಟರೆ ರಾಮನಗರ, ಕನಕಪುರದ ಕಡೆಯವರ ತಟ್ಟೆಯಲ್ಲಿ ಹುಳು. ಜನ ನಡುಮನೆಯನ್ನು ಹುಳುವಿಗೆ ಬಿಟ್ಟು ಜಗಲಿಯ ಮೇಲೆ ಮಲಗುತ್ತಿದ್ದರು. ಸಾಲುಗಿಡದ ತೋಟ, ಬೋರಿನ ನೀರು, ಮೂಟೆ ಗೊಬ್ಬರ ಇರುವಾಗ ಬದುವಿನ ಮರ ಯಾರಿಗೂ ಬೇಕಾಗಿರಲಿಲ್ಲ.

ಬೇರೆಯಾಗುವ ದಿನ ವೆಂಕಟಲಕ್ಷ್ಮಮ್ಮ ಅಂದಿದ್ದಳು: "ಒಂದ್ ಬೆಳೆ ಕೈಕೊಡ್ಲಿ ಕಣಮ್ಮಿ. ತಟ್ಟೆ ಹಿಡ್ಕೊಂಡು ಇದೇ ಒಲೆ ಮುಂದುಕ್ಕೆ ಬತ್ತೀಯ." ಮೊದಲ ಬೆಳೆ ಸೆಕೆಗೆ ಕೈಕೊಟ್ಟಿತ್ತು. ಇದೂ ಹೋದರೆ ಮತ್ತೆ ಅಣ್ಣನ ಜೊತೆ ಸೇರಿಕೊಂಡುಬಿಡುವುದೇ ವಾಸಿ ಎಂದು ಬೈರಪ್ಪ ಒಮ್ಮೆ, ತಮಾಷೆಗೆ ಅಂದಂತೆ, ಅಂದಿದ್ದ. ಅಂಬುಜಮ್ಮ ಅದನ್ನು ತಮಾಷೆಯಾಗಿ ಕೇಳಿಸಿಕೊಂಡಿರಲಿಲ್ಲ. ಈ ಹುಳು ಗೂಡು ಕಟ್ಟಿದರೆ ತನ್ನ ಒಲೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಸಂಜೆ ಹಾಲಿಗೆ ಹೆಪ್ಪು ಕೇಳುವ ನೆವದಲ್ಲಿ ಅವಳು ಭಾವ ಮರಿಯಪ್ಪನ ಮನೆಯ ಹಿತ್ತಿಲಿಗೆ ಹೋದಳು. ಅವರ ಹುಳು ಆಗಲೇ ಹಣ್ಣಾಗಿ, ಚಂದ್ರಿಕೆ ಹತ್ತಿ, ಗೂಡು ಕಟ್ಟಿ ಮುಗಿಸಿತ್ತು. ಗೂಡು ಕಟ್ಟಿಸುವ ಆ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ಬಚ್ಚಲಿನ ಕಲ್ಲಿನ ಮೇಲೆ ಔಷಧಿ ಹೊಡೆಯುವ ಪಂಪು ತೊಳೆದು ಬೋರಲು ಹಾಕಿತ್ತು. ಅದರ ಬಾಯಿಂದ ಇನ್ನೂ ಹನಿ ಇಳಿಯುತ್ತಿತ್ತು.

"ಅಕ್ಕ, ತ್ವಾಟಕ್ಕೆ ಏನಾರ ಔಸ್ದಿ ಹೊಡ್ಸಿದ್ರಾ?"

"ಯಾರ್ ಯೋಳಿದ್ದು? ಆ ಕುರಿ ಕಾಯೋಳಾ?"

"ಪಂಪು ಕಾಣ್ತು. ಅದ್ಕೆ ಕೇಳ್ದೆ."

"ಕಣ್ ನೋಡು ಇವ್ಳ್ದು! ಹೆಪ್ಪಿಗ್ ಬಂದೋಳು ಬಚ್ಚಲು ತಪಾಸಣೆ ಮಾಡ್ತಾಳೆ. ಕೆಳಗಲ ಮಡೀಗೆ ಹುಳ ಬಿದ್ದಿತ್ತು, ನೆನ್ನೆ ಹೊಡ್ದವ್ರೆ. ನಿಮ್ಗೆ ಕೊಯ್ಸಿದ್ದು ಮೇಗಲ ಮಡೀದು. ಅನುಮಾನ ಇದ್ರೆ ವಾಪಸ್ ತಂದ್ ಸುರಿ. ನಮ್ ದನ ತಿಂತಾವೆ."

"ದನಕ್ಕೆ ಹಾಕ್ತೀರಾ ಅಕ್ಕ, ಆ ಸೊಪ್ಪ?"

ವೆಂಕಟಲಕ್ಷ್ಮಮ್ಮ ಹೆಪ್ಪಿನ ಬಟ್ಟಲನ್ನು ಅವಳ ಕೈಗೆ ಕೊಡದೆ ಕಟ್ಟೆಯ ಮೇಲೆ ಕುಕ್ಕಿದಳು. ಅಂಬುಜಮ್ಮ ಕೊಟ್ಟಿಗೆಯ ಪಕ್ಕದಲ್ಲಿ ಹಾದು ಬಂದಳು. ದಿನವೂ ಗೊಂತಿನಲ್ಲಿ ಬಿದ್ದಿರುತ್ತಿದ್ದ ಹಿಪ್ಪುನೇರಳೆ ಕಡ್ಡಿ ಅವತ್ತು ಇರಲಿಲ್ಲ. ದನಗಳು ಬರೀ ಹುಲ್ಲು ಜಗಿಯುತ್ತಿದ್ದವು.

"ನೀನೇನು, ಅಣ್ಣ ನಮ್ಗೆ ಇಸ ಕೊಟ್ಟವ್ನೆ ಅಂತೀಯಾ?" ರಾತ್ರಿ ಬೈರಪ್ಪ ಉಣ್ಣುತ್ತಿದ್ದ ಕೈ ನಿಲ್ಲಿಸಿದ.

"ಬೇಕೂಂತ ಕೊಟ್ಟವ್ರೆ ಅನ್ನಾಕಿಲ್ಲ. ಗಾಳೀಗೆ ಮೇಗಲ ಮಡೀಗೂ ಬಿದ್ದಿರ್‌ಬೋದು. ನಾಳೆ ಒಂದಿನ ಬ್ಯಾರೆ ಸೊಪ್ಪು ಹಾಕಿ ನೋಡಣ."

"ಬ್ಯಾರೆ ಸೊಪ್ಪು ಎಲ್ಲೈತೆ? ನಿಮ್ಮಪ್ಪ ಕಟ್ಟಿ ಕಳ್ಸವ್ನಾ?"

"ತಿಮ್ಮಕ್ಕನ ಹೊಲ್ದಾಗೆ ಮರ ಅವೆ."

"ಆ ಬಾಯ್ಬಡುಕಿ ತಾವ?" ಅವನು ತಟ್ಟೆ ತಳ್ಳಿದ. "ಅಣ್ಣನ ಸೊಪ್ಪ ಒಂದಿನ ಬ್ಯಾಡ ಅಂದ್ರೆ ನಾಡಿದ್ದಿಂದ ಯಾರು ಕೊಡ್ತಾರೆ? ಯೋಚ್ನೆ ಮಾಡಿದ್ದೀಯಾ?"

"ಅದೇ ನಂಗೂ ಹೆದ್ರಿಕೆ. ಕೊಡೋರು ಒಬ್ರೇ."

ಬೈರಪ್ಪ ಕೈ ತೊಳೆದುಕೊಂಡ.

ಪಕ್ಕದೂರು ಕಲ್ಯದ ದಾರಿಯಲ್ಲಿ, ಬಂಡೆಯ ಬುಡಕ್ಕೆ ತಾಗಿದಂತೆ ತಿಮ್ಮಮ್ಮನ ಕಲ್ಲು ಹೊಲ. ಊರೆಲ್ಲ ಹಿಪ್ಪುನೇರಳೆ ಮರ ಕಡಿದಾಗ ಅವಳು ಕಡಿದಿರಲಿಲ್ಲ. ಕುರಿಗೆ ನೆರಳು ಬೇಕಿತ್ತು, ಬೇಸಿಗೆಯಲ್ಲಿ ಮರಿಗಳಿಗೆ ತಿನ್ನಲು ಎಳೆ ಕೊಂಬೆ ಬೇಕಿತ್ತು. ಬೆಳಕು ಹರಿಯುವ ಹೊತ್ತಿಗೆ ಅಂಬುಜಮ್ಮ ಕುಡುಗೋಲು, ಹಗ್ಗ ಹಿಡಿದು ಬದುವಿನ ಮೇಲೆ ನಿಂತಳು. ಹಟ್ಟಿಯ ಮುಂದೆ ತಿಮ್ಮಮ್ಮನ ಗಂಡ ಪುಟ್ಟಲಿಂಗಯ್ಯ ಕಂಬಳಿ ಹೊದ್ದು ಬೀಡಿ ಸೇದುತ್ತಿದ್ದ. ತಿಮ್ಮಮ್ಮ ಕುರಿಗಳನ್ನು ಬಿಡುತ್ತಿದ್ದಳು. ತಿರುಗಿಯೂ ನೋಡಲಿಲ್ಲ.

"ತಿಮ್ಮಕ್ಕ, ಒಸಿ ಸೊಪ್ಪು ಬೇಕಿತ್ತು."

"ಯಾಕೆ, ಗೌಡ್ರ ತ್ವಾಟ ಬತ್ತೋಯ್ತಾ?"

"ಇಲ್ಲ."

"ಮತ್ತೆ? ನಾನು ಸುಳ್ಳಿ ಅಲ್ವಾ? ಎಲ್ಲೋ ಸತ್ತಿದ್ದ ತಂದು ಹಾಕ್ದೆ ಅಲ್ವಾ?"

ಅಂಬುಜಮ್ಮ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಏನು ಹೇಳಿದರೂ ಅದು ಗಂಡನ ಮೇಲೆ ಅಥವಾ ಭಾವನ ಮೇಲೆ ಬೀಳುತ್ತಿತ್ತು. "ಹುಳ ಇವತ್ತು ಏಳ್ತಾವೆ," ಎಂದಷ್ಟೇ ಅಂದಳು.

"ಏಳ್ಲಿ. ನನ್ ಕುರಿ ದೊಡ್ಡೀಲಿ ನೀರಿಲ್ದೆ ನಿಂತಿದ್ವಲ್ಲ ಕುದೂರಾಗೆ, ಆವಾಗ ನೀನು ಎಲ್ಲಿದ್ದೆ ಗೌಡ್ತಿ?"

"ಹೋಗ್ಲಿ ಬುಡಮ್ಮಿ," ಎಂದ ಪುಟ್ಟಲಿಂಗಯ್ಯ ಹೊಗೆಯ ನಡುವಿನಿಂದ.

"ನೀನ್ ಸುಮ್ಕಿರು. ದೊಡ್ಡಿಗೆ ನಡ್ದು ಹೋಗಿದ್ದು ನನ್ ಕಾಲು." ತಿಮ್ಮಮ್ಮ ಅಂಬುಜಮ್ಮನ ಕಡೆ ತಿರುಗಿದಳು. "ಸೊಪ್ಪು ಬೇಕಾ? ನಾವ್ ಕೊಯ್ದು ಕೊಡಾಕಿಲ್ಲ. ಮರ ಅಲ್ಲೈತೆ. ನೀನೇ ಹತ್ತು."

ದಾರಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲುಗಳು ಸೋಲೂರಿನ ಕಡೆ ಹೋಗುತ್ತಿದ್ದವು. ಅವರ ಊರಿನವರೇ. ಮಾತು ತನಗಿಂತ ಮುಂಚೆ ಮನೆ ಮುಟ್ಟುತ್ತದೆ ಎಂದು ಗೊತ್ತಿದ್ದೂ ಅಂಬುಜಮ್ಮ ಸೀರೆಯನ್ನು ಕಚ್ಚೆಯಂತೆ ಹಿಂದಕ್ಕೆ ಸಿಕ್ಕಿಸಿದಳು. ಒರಟು ತೊಗಟೆ ಮೊಣಕಾಲನ್ನು ತರಚಿತು. ಮೊದಲ ಕವಲಿಗೆ ಹತ್ತಿ ಕೂತು ಕುಡುಗೋಲು ಕೈಗೆ ತೆಗೆದುಕೊಂಡಳು. ಕೆಳಗೆ ಯಾರೋ ಸೈಕಲ್ ಗಂಟೆ ಬಾರಿಸಿ, "ಏನಮ್ಮೋ, ಬೈರಣ್ಣ ನಿನ್ನ ಮರಕ್ಕೂ ಹತ್ತುಸ್ಬುಟ್ನಾ?" ಎಂದು ಕೂಗಿ ಹೋದ.

"ಆ ತುದಿ ಕೊಂಬೆ ಮುಟ್‌ಬ್ಯಾಡ, ಅದು ಮರೀಗೆ," ಎಂದು ತಿಮ್ಮಮ್ಮ ಬುಡದಲ್ಲಿ ನಿಂತು ಕೋಲಿನಿಂದ ತೋರಿಸಿದಳು. "ಚಿಗುರು ಸಿಗೀಬ್ಯಾಡ. ನಿಮ್ ಸಾಲುಗಿಡ ಅಲ್ಲ ಇದು."

ಹೊರೆ ಕಟ್ಟಿದಾಗ ಅದನ್ನು ತಲೆಗೆ ಎತ್ತಿಕೊಡಲಿಕ್ಕೂ ಯಾರೂ ಬರಲಿಲ್ಲ. ಅಂಬುಜಮ್ಮ ಅದನ್ನು ಬದುವಿನ ಮೇಲಿಟ್ಟು, ತಾನು ಕೆಳಗಿಳಿದು, ತಲೆ ಕೊಟ್ಟು ಎತ್ತಿಕೊಂಡಳು.

ಹುಳುಗಳು ಎದ್ದಿದ್ದವು. ಮೈ ಸುಕ್ಕುಸುಕ್ಕಾಗಿ, ತಲೆ ದೊಡ್ಡದಾಗಿ, ಬಾಯಿ ಆಡಿಸುತ್ತ ಹುಡುಕುತ್ತಿದ್ದವು. ಬೈರಪ್ಪ ಆಗಲೇ ಬಲಗಡೆಯ ಅಟ್ಟಣಿಗೆಗೆ ಅಣ್ಣನ ಸೊಪ್ಪು ಹಾಕಿ, ಎಡಗಡೆಗೆ ಬುಟ್ಟಿ ಹಿಡಿದು ಬರುತ್ತಿದ್ದ. ಅವಳು ಹೊರೆಯೊಂದಿಗೇ ಅಡ್ಡ ನಿಂತಳು.

"ಸರಿ ಅತ್ಲಾಗೆ."

"ಈ ಕಡೇಕೆ ಇದು ಹಾಕ್ತೀನಿ. ಆ ಕಡೇದು ನಿಮ್ದು. ಅಷ್ಟೇ ಕೇಳ್ತಿರೋದು."

"ಮರ ಹತ್ತಿದ್ಯಂತೆ. ಊರೆಲ್ಲ ನಗ್ತೈತೆ."

"ನಗ್ಲಿ."

ಅವನ ಕೈ ಎದ್ದಂತಾಗಿ ಇಳಿಯಿತು. ಹುಳುಮನೆಯೊಳಗೆ ಜಗಳವಾಡಬಾರದೆಂಬ ನೇಮ ಅವಳನ್ನು ಕಾಪಾಡಿತೋ ಏನೋ. ಬುಟ್ಟಿಯನ್ನು ನೆಲಕ್ಕೆ ಒಗೆದು ಹೊರಗೆ ಹೋದ.

ಮಧ್ಯಾಹ್ನಕ್ಕೆ ಬಲಗಡೆಯ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸತೊಡಗಿದವು. ಆಮೇಲೆ ಬಾಯಿಂದ ಹಸಿರು ನೀರು ಕಾರಿದವು. ಬೈರಪ್ಪ ಓಡಿ ಬಂದು ಸೊಪ್ಪನ್ನು ಎಳೆದು ಎಳೆದು ಹಾಕಿದ. ಎಲೆಯ ಜೊತೆ ಹುಳುಗಳೂ ಜೋಲುತ್ತ ಬಂದವು. ಸಂಜೆಯ ಹೊತ್ತಿಗೆ ಅವು ಗಿಡ್ಡವಾಗಿ, ಕಪ್ಪಾಗಿ, ತಟ್ಟೆಗೆ ಅಂಟಿಕೊಂಡಿದ್ದವು. ಎಡಗಡೆಯಲ್ಲಿ ಎಲೆಯ ಬರೀ ನರ ಉಳಿದಿತ್ತು. ಹುಳುಗಳು ಇನ್ನೂ ಮೇವು ಕೇಳುತ್ತಿದ್ದವು. ಬೈರಪ್ಪ ಸತ್ತದ್ದನ್ನು ಬುಟ್ಟಿಗೆ ತುಂಬಿ ತುಂಬಿ ತಿಪ್ಪೆಗೆ ಹೊತ್ತ.

ಕೊನೆಯ ಬುಟ್ಟಿ ಹೊರಗೆ ಹೋಗುವ ಮೊದಲೇ ವೆಂಕಟಲಕ್ಷ್ಮಮ್ಮ ಜಗಲಿಯ ಹತ್ತಿರ ಬಂದು ಎದೆ ಬಡಿದುಕೊಂಡಳು.

"ಅಯ್ಯಯ್ಯೋ, ಆ ಮೂದೇವಿ ಕಣ್ಣು! ಸತ್ತ ಮರಿ ತಂದು, ಒಂದೂ ಉಳಿಯಾಕಿಲ್ಲ ಅಂದ್ಲಂತಲ್ಲ. ನಮ್ ಹುಳ ಇದೇ ತ್ವಾಟದ ಸೊಪ್ಪು ತಿಂದು ಚಂದ್ರಿಕೆ ಹತ್ನಿಲ್ವಾ?"

ಅವಳ ಹಿಂದೆ ಬಂದ ಮರಿಯಪ್ಪ ತಮ್ಮನ ಹೆಗಲ ಮೇಲೆ ಕೈ ಇಟ್ಟ. "ಹೋಗ್ಲಿ ಬುಡ್ಲಾ. ಅರ್ಧ ಉಳ್ದೈತಲ್ಲ. ಹೆಂಗೂ ನಾನಿದ್ದೀನಿ." ನೆರೆಯ ದೊಡ್ಡಹನುಮಯ್ಯ, "ಆ ಹಟ್ಟಿಯೋರ ಕುರಿ ಇನ್ ನಮ್ಮೂರ್ ದಾರೀಲಿ ಬರ್‌ಕೂಡ್ದು," ಎಂದ. ನಾಲ್ಕು ಜನ ಹೌದೆಂದರು. ಅಂಬುಜಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಬಾಯಿ ತೆರೆಯಲಿಲ್ಲ.

ಮಾರನೆಯ ಬೆಳಿಗ್ಗೆ ಮರದ ಬುಡಕ್ಕೆ ಜಾಲಿಮುಳ್ಳು ಸುತ್ತಿತ್ತು. ತಿಮ್ಮಮ್ಮ ಅದರ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು, ಕಾಯುತ್ತಿದ್ದವಳಂತೆ.

"ನಿಮ್ಮೂರಾಗೆ ಏನಂತವ್ರೆ ಗೌಡ್ತಿ?"

ಅಂಬುಜಮ್ಮ ನೆಲ ನೋಡಿದಳು.

"ನನ್ ಕಣ್ಣು ಬಿತ್ತಂತೆ. ಕುರಿ ದಾರೀಲಿ ಬರ್‌ಕೂಡ್ದಂತೆ. ಅಂದೋರ ಬಾಯಿ ನಿನ್ ಎದುರ್ಗೇ ಇತ್ತಂತಲ್ಲ. ನಿನ್ ಬಾಯಿ ಎಲ್ಲೋಗಿತ್ತು?"

"ನಾನಂದ್ರೆ ಭಾವನ ತ್ವಾಟ ಹೋಯ್ತದೆ ತಿಮ್ಮಕ್ಕ."

"ಅನ್ನದಿದ್ರೆ ಈ ಮರ ಹೋಯ್ತದೆ."

ಮನೆಯಲ್ಲಿ ಉಳಿದ ಹುಳು ಬರಿಯ ಕಡ್ಡಿಯ ಮೇಲೆ ಹರಿದಾಡುತ್ತಿರುವುದು ಅಂಬುಜಮ್ಮನ ಕಣ್ಣ ಮುಂದೆ ಬಂತು. ಭಾವನ ಗಾಡಿಯೂ ಕಣ್ಣ ಮುಂದೆ ಬಂತು. ಅವನು ಇವತ್ತೂ ಕಳಿಸುತ್ತಾನೆ, ಮೇಗಲ ಮಡಿಯದು ಎಂದು ಹೇಳಿಯೇ ಕಳಿಸುತ್ತಾನೆ.

"ಅಂತೀನಿ," ಎಂದಳು.

"ನಿನ್ ಬಾಯಿಂದ ನನ್ ಕಿವೀಲಿ ಕೇಳ್‌ಬೇಕು. ನಡಿ." ತಿಮ್ಮಮ್ಮ ಕೋಲಿನಿಂದ ಮುಳ್ಳನ್ನು ಪಕ್ಕಕ್ಕೆ ಎಳೆದಳು. ಈ ಸಲ ಹತ್ತಿದವಳು ಅವಳೇ. ಹೊರೆ ಹೊತ್ತವಳೂ ಅವಳೇ. ಅಂಬುಜಮ್ಮ ಕೈ ಚಾಚಿದರೂ ಕೊಡಲಿಲ್ಲ.

ಬೀದಿಯಲ್ಲಿ ಜನ ಎದ್ದು ಹಲ್ಲುಜ್ಜುವ ಹೊತ್ತು. ಮರಿಯಪ್ಪ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ. ದೊಡ್ಡಹನುಮಯ್ಯ ಎದುರು ಮನೆಯ ಕಲ್ಲಿನ ಮೇಲೆ ಕೂತಿದ್ದ. ಬೈರಪ್ಪ ಹುಳುಮನೆಯ ಬಾಗಿಲಲ್ಲಿ ನಿಂತು ಇಬ್ಬರು ಹೆಂಗಸರು ಬರುವುದನ್ನು ನೋಡಿದ.

"ಏನಮ್ಮಿ ಇದು, ಇವ್ಳ ಊರೊಳಕ್ಕೆ ಕರ್ಕೊಂಡ್ ಬಂದಿದ್ದೀಯ?" ಎಂದ ಮರಿಯಪ್ಪ.

ಅಂಬುಜಮ್ಮ ತಗ್ಗಿದ ದನಿಯಲ್ಲಿ ಅಂದಳು: "ಹುಳ ಸತ್ತಿದ್ದು ತಿಮ್ಮಕ್ಕನ ಕಣ್ಣಿಂದಲ್ಲ."

"ಗಟ್ಯಾಗಿ ಯೋಳು. ನಂಗೇ ಕೇಳುಸ್ನಿಲ್ಲ," ಎಂದಳು ಹೊರೆಯ ಕೆಳಗಿನಿಂದ ತಿಮ್ಮಮ್ಮ.

"ತಿಮ್ಮಕ್ಕನ ಕಣ್ಣಿಂದಲ್ಲ. ಭಾವನ ತ್ವಾಟದ ಸೊಪ್ಪಿಂದ. ಔಸ್ದಿ ಬಿದ್ದಿದ್ ಸೊಪ್ಪು. ಅವ್ರ ದನಕ್ಕೂ ಹಾಕ್ನಿಲ್ಲ ಅದ್ನ."

ದೊಡ್ಡಹನುಮಯ್ಯ ಬಾಯಲ್ಲಿದ್ದ ಬೇವಿನ ಕಡ್ಡಿ ತೆಗೆದ. ಮರಿಯಪ್ಪ ಲೋಟವನ್ನು ನಿಧಾನವಾಗಿ ಕೆಳಗಿಟ್ಟ. ಅವಳ ಕಡೆ ನೋಡಲಿಲ್ಲ. "ಬೈರ, ನಿನ್ ಹೆಂಡ್ತಿ ಅಂದಿದ್ದು ಕೇಳುಸ್ತಾ?"

ಬೈರಪ್ಪ ತನ್ನ ಅಂಗೈ ನೋಡಿಕೊಂಡ. ನಿನ್ನೆಯ ಹಸಿರು ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

"ಕೇಳುಸ್ತು."

"ಅಷ್ಟೇನಾ?"

ಅವನು ಅಂಗೈಯನ್ನು ಪಂಚೆಗೆ ಒರೆಸಿಕೊಂಡ.

"ಹಂಗಾರೆ ಇವತ್ತಿಂದ ನನ್ ತ್ವಾಟದ ಒಂದೆಲೆ ನಿಮ್ ಮನೆಗ್ ಬರಾಕಿಲ್ಲ. ಮರ ಹತ್ಕೊಂಡು ಬದುಕಿ, ಗಂಡ ಹೆಂಡ್ತಿ ಇಬ್ರೂವೆ," ಎಂದು ಮರಿಯಪ್ಪ ಎದ್ದು ಒಳಗೆ ಹೋದ. ಒಳಗಿನಿಂದ ವೆಂಕಟಲಕ್ಷ್ಮಮ್ಮನ ದನಿ ಏರಿತು. ಪಾತ್ರೆಯೊಂದು ನೆಲಕ್ಕೆ ಬಿತ್ತು.

ಹುಳುಮನೆಯ ಮುಂದೆ ಅಂಬುಜಮ್ಮ ಅಭ್ಯಾಸಬಲದಿಂದ ತಿರುಗಿ ನಿಂತಳು. "ಇಲ್ಲೇ ಕೊಡಿ ತಿಮ್ಮಕ್ಕ, ನಾನು ಒಳಕ್ಕೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ತಿಮ್ಮಮ್ಮ ಬೈರಪ್ಪನನ್ನು ನೋಡುತ್ತಿದ್ದಳು. ಅವನು ಒಂದು ಕ್ಷಣ ಬಾಗಿಲಲ್ಲೇ ಇದ್ದ. ಆಮೇಲೆ ಪಕ್ಕಕ್ಕೆ ಸರಿದ.

ತಿಮ್ಮಮ್ಮ ಸುಣ್ಣದ ಮೇಲೆ ಇಡೀ ಪಾದ ಊರಿ ಒಳಗೆ ಹೋದಳು. ಹೊರೆ ಇಳಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಬಲಗಡೆಯ ಖಾಲಿ ಅಟ್ಟಣಿಗೆ ನೋಡಿದಳು. ಅದರ ಕಂಬದ ಮೇಲೆ ಕೈಯಾಡಿಸಿ, "ಹಿಪ್ಪುನೇರಳೆ ಮರ. ಇದ್ನೇ ಕಡ್ದು ಕಂಬ ಮಾಡ್ಕೊಂಡವ್ರೆ," ಎಂದಳು, ಯಾರಿಗೂ ಅಲ್ಲ ಎಂಬಂತೆ. ಅಂಬುಜಮ್ಮ ಕಾಫಿಗೆ ನಿಲ್ಲಿ ಎನ್ನುತ್ತಿರುವಾಗಲೇ ತಿಮ್ಮಮ್ಮ ಹೊರಗೆ ನಡೆದಳು.

ಅಂಬುಜಮ್ಮ ಹೊರೆ ಬಿಚ್ಚಿ ತಟ್ಟೆಗಳಿಗೆ ಸೊಪ್ಪು ಹರಡಿದಳು. ಬೈರಪ್ಪ ಇನ್ನೊಂದು ತುದಿಯಿಂದ ಹರಡತೊಡಗಿದ. ಹುಳುಗಳು ಎಲೆಗೆ ಬಾಯಿ ಹಾಕಿದ ಸದ್ದು ಕೇಳಿದ ಮೇಲೆ ಅವಳು ಬಾಗಿಲಿಗೆ ಬಂದಳು. ತಿಮ್ಮಮ್ಮ ಆಗಲೇ ಬೀದಿಯ ತುದಿ ದಾಟಿದ್ದಳು. ಹುಳುಮನೆಯ ಹೊಸ್ತಿಲಿನಿಂದ ಅವಳ ಅಂಗಾಲಿನ ಬಿಳಿ ಗುರುತುಗಳು ಬೀದಿಯ ಉದ್ದಕ್ಕೂ, ಮರಿಯಪ್ಪನ ಜಗಲಿಯ ಮುಂದಿನಿಂದಲೇ ಹೋಗಿದ್ದವು. ವೆಂಕಟಲಕ್ಷ್ಮಮ್ಮ ಪೊರಕೆ ಹಿಡಿದು ಹೊರಗೆ ಬಂದು, ತನ್ನ ಬಾಗಿಲ ಮುಂದಿನವನ್ನಷ್ಟೇ ಗುಡಿಸಿ ಒಳಗೆ ಹೋದಳು. ಅದರ ಈಚೆಯವೂ ಆಚೆಯವೂ ಬಿಸಿಲಿನಲ್ಲಿ ಹಾಗೆಯೇ ಇದ್ದವು.